ಹದಿನೈದು ಡಬ್ಬಿಯಲ್ಲೂ ಜೋಳದ ಸಿಪ್ಪೆ

ಡಬ್ಬಿಯಕ್ಕನನ್ನು ಯಾರಾದರೂ ನಿಮ್ಮ ಕೆಲಸ ಏನು ಎಂದು ಕೇಳಿದರೆ, ಕೇಳಿದವರ ಮುಂದೆ ಊಟದ ತಟ್ಟೆ ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳುತ್ತಿದ್ದಳು. ತಟ್ಟೆ ಇದ್ದರೆ "ಲ್ಯಾಬಲ್ಲಿ ಕೆಲಸ" ಅಂದು ಸುಮ್ಮನಾಗುತ್ತಿದ್ದಳು. ಇಲ್ಲದಿದ್ದರೆ ಮುಚ್ಚುಮರೆ ಇರಲಿಲ್ಲ. "ಜನರ ಮಲ ಡಬ್ಬಿಗೆ ಹಾಕಿಸ್ಕೊಂಡು, ತೂಕ ಮಾಡಿ, ಕಣ್ಣಿಟ್ಟು ನೋಡಿ, ಫ್ರೀಜರಲ್ಲಿ ಇಡೋದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನನ್ನ ಕೆಸರು ಸ್ವಲ್ಪ ಬೇರೆ ಥರದ್ದು" ಅನ್ನುತ್ತಿದ್ದಳು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದವಳಿಗೆ ನಾಚಿಕೆ ಎಲ್ಲಿಂದ ಬರಬೇಕು?

ಅವಳ ಕೋಣೆ ಸಂಶೋಧನಾ ಕೇಂದ್ರದ ಕಾರಿಡಾರಿನ ತುತ್ತತುದಿಯಲ್ಲಿತ್ತು. ಕಿಟಕಿ ಒಂದು, ಗಾಳಿ ಹೊರಗೆ ತಳ್ಳುವ ಫ್ಯಾನು ಎರಡು. ತಕ್ಕಡಿ, ಸಿಂಕು, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರು, ಮತ್ತು ಒಂದು ಉದ್ದನೆಯ ರಿಜಿಸ್ಟರು. ರಿಜಿಸ್ಟರಿನಲ್ಲಿ ನಂಬರು, ತಾರೀಕು, ಸಮಯ, ತೂಕ ಎಂಬ ಕಾಲಮುಗಳಾದ ಮೇಲೆ ಕೊನೆಯಲ್ಲಿ 'ಷರಾ' ಎಂಬುದೊಂದಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದ ವರ್ಷ ಮಿಕ್ಕ ಕಾಲಮುಗಳೆಲ್ಲ ಒಳಗೆ ಹೋದವು, ಷರಾ ಮಾತ್ರ ಹೊರಗೆ ಉಳಿಯಿತು. ಅದನ್ನು ಎಲ್ಲಿ ಹಾಕಬೇಕೆಂದು ಕಂಪ್ಯೂಟರಿನವರಿಗೆ ಗೊತ್ತಾಗಲಿಲ್ಲ. ಡಬ್ಬಿಯಕ್ಕ ಮಾತ್ರ ಪೆನ್ನು ಹಿಡಿದು ಬರೆಯುತ್ತಲೇ ಇದ್ದಳು: ಗಟ್ಟಿ. ಮೆತ್ತಗೆ. ಟೊಮೇಟೊ ಬೀಜ. ಸೊಪ್ಪಿನ ನಾರು. ಅದನ್ನು ಓದುವವರು ಯಾರೂ ಇರಲಿಲ್ಲ. ಓದಲಿ ಬಿಡಲಿ, ಕಂಡದ್ದನ್ನು ಬರೆಯದೆ ಡಬ್ಬಿಯ ಮುಚ್ಚಳ ಹಾಕುವುದು ಅವಳ ಜಾಯಮಾನವಲ್ಲ.

ಅವಳು ಸೇರಿದಾಗ ಎಲ್ಲರೂ ರಕ್ತದ ಹಿಂದೆ ಬಿದ್ದಿದ್ದರು. ಯಾವ ವಿಟಮಿನ್ ಎಷ್ಟಿದೆ ಎಂದು ಅಳೆದದ್ದೇ ಅಳೆದದ್ದು. ಆಮೇಲೆ ವಂಶವಾಹಿಯ ಕಾಲ ಬಂತು, ಅಜ್ಜಿಗೆ ಇದ್ದದ್ದು ಮೊಮ್ಮಗಳಿಗೆ ಯಾಕಿಲ್ಲ ಎಂದು ತಲೆ ಕೆಡಿಸಿಕೊಂಡರು. ಈಗ ಹೊಟ್ಟೆಯ ಸರದಿ. ಕರುಳಿನೊಳಗಿನ ಸೂಕ್ಷ್ಮಾಣುಗಳು ಏನು ತಿನ್ನುತ್ತವೆ, ಯಾವ ಊಟಕ್ಕೆ ಯಾವುದು ಹೆಚ್ಚುತ್ತದೆ, ಅವು ಮುನಿಸಿಕೊಂಡರೆ ಯಾವ ಕಾಯಿಲೆ ಬರುತ್ತದೆ ಎಂದು ದಿನಕ್ಕೊಂದು ಲೇಖನ. ಇಪ್ಪತ್ತು ವರ್ಷ ಮೂಗು ಮುಚ್ಚಿಕೊಂಡು ಆ ಕೋಣೆಯ ಮುಂದೆ ಓಡಿಹೋಗುತ್ತಿದ್ದ ದೊಡ್ಡವರೆಲ್ಲ ಈಗ ಬಾಗಿಲಲ್ಲಿ ನಿಂತು "ಡಬ್ಬಿ ಬಂತಾ?" ಎಂದು ಕೇಳುತ್ತಿದ್ದರು. ತಿಪ್ಪೆಗೂ ಒಂದು ಕಾಲ ಬರುತ್ತದೆ ಎಂದು ಡಬ್ಬಿಯಕ್ಕ ಒಳಗೊಳಗೇ ನಗುತ್ತಿದ್ದಳು.

ಆ ವರ್ಷದ ದೊಡ್ಡ ಅಧ್ಯಯನ ಕೇಂದ್ರದ ಪ್ರೊಫೆಸರರದ್ದು. ನಾರಿನಂಶದ ಪುಡಿ ಮಾಡುವ ಕಂಪನಿಯೊಂದು ಅದರ ಖರ್ಚು ನೋಡಿಕೊಳ್ಳುತ್ತಿತ್ತು. ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ನಲವತ್ತು ಹೆಂಗಸರನ್ನು ಆರಿಸಿದ್ದರು. ಒಂದರಿಂದ ಇಪ್ಪತ್ತರವರೆಗಿನ ನಂಬರಿನವರು ಹನ್ನೆರಡು ವಾರ ಮಧ್ಯಾಹ್ನದ ಊಟ ಬಿಟ್ಟು ಆ ಪುಡಿಯನ್ನು ನೀರಿಗೆ ಕದಡಿ ಕುಡಿಯಬೇಕು. ಮಿಕ್ಕ ಇಪ್ಪತ್ತು ಜನ ಕ್ಯಾಂಟೀನಿನಲ್ಲಿ ಯಾವಾಗಿನಂತೆ ಕಾಳು, ಸೊಪ್ಪು, ತರಕಾರಿ ತಿನ್ನಬೇಕು. ಶುರುವಿನಲ್ಲಿ ಒಂದು ಡಬ್ಬಿ, ಕೊನೆಯಲ್ಲಿ ಒಂದು ಡಬ್ಬಿ. ಪುಡಿ ಗೆದ್ದರೆ ಕಾರ್ಖಾನೆ ಕ್ಯಾಂಟೀನಿಗೆ ಬೀಗ ಹಾಕುತ್ತದೆ, ಅರ್ಧ ಗಂಟೆಯ ಊಟದ ಬಿಡುವು ಹತ್ತು ನಿಮಿಷಕ್ಕೆ ಇಳಿಯುತ್ತದೆ, ಆರುನೂರು ಹೆಂಗಸರಿಗೂ ಪುಡಿಯೇ ಗತಿ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಹಾಗಿದ್ದೂ ಕಾಗದದ ಮೇಲೆ ಅದನ್ನು 'ನೌಕರರ ಆರೋಗ್ಯ ಯೋಜನೆ' ಎಂದು ಕರೆದಿದ್ದರು.

ಆ ಕಾರ್ಖಾನೆಯ ಮೂರನೇ ಸಾಲಿನಲ್ಲಿ ಡಬ್ಬಿಯಕ್ಕನ ಒಡಹುಟ್ಟಿದ ತಂಗಿ ಗುಂಡಿ ಹೊಲಿಯುತ್ತಿದ್ದಳು. ಅವಳಿಗೆ ಅಲ್ಲಿನವರು ಇಟ್ಟ ಹೆಸರು 'ಗಡಿಯಾರ'. ಬೆಳಿಗ್ಗೆ ಏಳು ನಲವತ್ತಾಯಿತೆಂದರೆ ಅವಳಿಗೆ ಟಾಯ್ಲೆಟ್ಟಿಗೆ ಹೋಗಲೇಬೇಕು. ಒಂದು ನಿಮಿಷ ಹಿಂದಿಲ್ಲ, ಒಂದು ನಿಮಿಷ ಮುಂದಿಲ್ಲ. ಅವಳು ಎದ್ದದ್ದು ನೋಡಿ ಕೈಗಡಿಯಾರ ಸರಿ ಮಾಡಿಕೊಳ್ಳುವವರಿದ್ದರು. ನಲವತ್ತು ಜನರಲ್ಲಿ ತಂಗಿಯೂ ಒಬ್ಬಳೆಂದು ಡಬ್ಬಿಯಕ್ಕನಿಗೆ ಗೊತ್ತಿತ್ತು. ಯಾವ ನಂಬರು ಎಂದು ಅವಳು ಕೇಳಿರಲಿಲ್ಲ, ತಂಗಿ ಹೇಳಿರಲಿಲ್ಲ. ನಿಯಮ ಅಂದರೆ ನಿಯಮ.

ಕೊನೆಯ ಡಬ್ಬಿಗಳು ಬಂದು ಆರು ವಾರವಾದ ಮೇಲೆ ಪ್ರೊಫೆಸರರು ಎಲ್ಲರನ್ನೂ ಸಭಾಂಗಣಕ್ಕೆ ಕರೆದರು. ಗೋಡೆಯ ಮೇಲೆ ಚುಕ್ಕಿಗಳ ಚಿತ್ರ ಬಿತ್ತು. ಒಂದೊಂದು ಚುಕ್ಕಿ ಒಬ್ಬೊಬ್ಬಳ ಹೊಟ್ಟೆ. ಪುಡಿ ಶುರುಮಾಡುವ ಮೊದಲು ಆ ಇಪ್ಪತ್ತು ಚುಕ್ಕಿಗಳು ಚೆಲ್ಲಿದ ಸಾಸಿವೆಯ ಹಾಗೆ ಎಲ್ಲೆಲ್ಲೋ ಬಿದ್ದಿದ್ದವು. ಹನ್ನೆರಡು ವಾರದ ನಂತರ ಹದಿನಾಲ್ಕು ಚುಕ್ಕಿಗಳು ಒಂದೇ ಕಡೆ ಬಂದು ಒಂದರ ಮೇಲೊಂದು ಕೂತಿದ್ದವು.

"ಇಂಥದ್ದನ್ನ ನಾನು ನನ್ನ ಜನ್ಮದಲ್ಲಿ ನೋಡಿಲ್ಲ" ಎಂದರು ಪ್ರೊಫೆಸರರು. ಅವರ ದನಿ ನಿಜವಾಗಿಯೂ ನಡುಗುತ್ತಿತ್ತು. "ಒಬ್ಬರ ಹೊಟ್ಟೆ ಇದ್ದ ಹಾಗೆ ಇನ್ನೊಬ್ಬರದ್ದು ಇರಲ್ಲ ಅಂತ ಎಲ್ಲಾ ಪುಸ್ತಕದಲ್ಲೂ ಬರೆದಿದೆ. ಈ ಪುಡಿ ಹದಿನಾಲ್ಕು ಜನರ ಹೊಟ್ಟೇನ ಒಂದೇ ಆರೋಗ್ಯವಂತ ಹೊಟ್ಟೆ ಮಾಡಿದೆ. ಎಷ್ಟು ಬಗೆಯ ಸೂಕ್ಷ್ಮಾಣು ಇವೆ ನೋಡಿ, ಎಷ್ಟು ಸಮೃದ್ಧವಾಗಿದೆ ನೋಡಿ."

ಸಭಾಂಗಣ ಚಪ್ಪಾಳೆ ತಟ್ಟಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಓದಿದವರಲ್ಲೇ ಹೆಚ್ಚು. ಹಿಂದಿನ ಸಾಲಿನಲ್ಲಿ ಕೂತ ಡಬ್ಬಿಯಕ್ಕ ಕೈ ಎತ್ತಲಿಲ್ಲ. ಹನ್ನೆರಡು ವಾರ ಒಂದೇ ತಟ್ಟೆಯಲ್ಲಿ ಉಂಡ ಗಂಡ ಹೆಂಡತಿಯ ಡಬ್ಬಿಗಳನ್ನೂ ಅವಳು ನೋಡಿದ್ದಳು, ಒಟ್ಟಿಗೆ ಹುಟ್ಟಿದ ಅವಳಿಗಳದ್ದನ್ನೂ ನೋಡಿದ್ದಳು. ಅವೂ ಹೀಗೆ ಒಂದರ ಮೇಲೊಂದು ಕೂತಿರಲಿಲ್ಲ.

ಸಭೆ ಮುಗಿದ ಮೇಲೆ ಅವಳು ಚುಕ್ಕಿ ಮೇಷ್ಟ್ರ ಕೋಣೆಗೆ ಹೋದಳು. ಅಂಕಿಅಂಶ ನೋಡುವ ಆತ ಹಿಂದೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು. ಚುಕ್ಕಿ ಇಡುವುದು ಅವನ ಕೆಲಸ, ಹಾಗಾಗಿ ಆ ಹೆಸರು. ಒಳ್ಳೆಯವನು, ಆದರೆ ಬೆಕ್ಕು ಅಡ್ಡ ಬಂದರೂ ಪ್ರೊಫೆಸರರ ಅನುಮತಿ ಕೇಳಿ ಹೆದರುವವನು.

"ಮೇಷ್ಟ್ರೇ, ಕ್ಯಾಂಟೀನಲ್ಲಿ ಉಂಡೋರ ಚುಕ್ಕಿ ಎಲ್ಲಿದ್ವು?"

"ಯಾವಾಗಿನ ಹಾಗೆ ಎಲ್ಲೆಲ್ಲೋ ಇದ್ವು ಅಕ್ಕಾ." ಅವನು ತಲೆ ಕೆರೆದುಕೊಂಡ. "ಒಂದು ಮಾತ್ರ ತಲೆನೋವು ಕೊಡ್ತು. ಊಟದ ಗುಂಪಿನ ಮೂವತ್ತೊಂದನೇ ನಂಬರು ಹೋಗಿ ಪುಡಿ ಗುಂಪಿನ ಮಧ್ಯದಲ್ಲಿ ಕೂತಿತ್ತು. ಲೇಬಲ್ ಅದಲು ಬದಲಾಗಿರಬೇಕು ಅಂತ ಸರ್ ಅದನ್ನ ತೆಗೆದು ಬಿಡಿ ಅಂದ್ರು. ತೆಗೆದೆ."

"ಲೇಬಲ್ ಅಂಟಿಸೋಳು ನಾನು. ಇಪ್ಪತ್ತಾರು ವರ್ಷದಲ್ಲಿ ಒಂದು ಲೇಬಲ್ ತಪ್ಪಿದ್ರೆ ತೋರಿಸಿ."

ಡಬ್ಬಿಯಕ್ಕ ಬಂದಷ್ಟೇ ಬಿರುಸಾಗಿ ತನ್ನ ಕೋಣೆಗೆ ಹಿಂದಿರುಗಿ ರಿಜಿಸ್ಟರು ತೆಗೆದಳು. ಕೊನೆಯ ಡಬ್ಬಿಗಳು ಬಂದ ಸೋಮವಾರದ ಪುಟದಲ್ಲಿ ಅವಳದೇ ಅಕ್ಷರ. ನಂಬರು ಎರಡು, ಷರಾ: ಜೋಳದ ಸಿಪ್ಪೆ. ನಂಬರು ಮೂರು: ಜೋಳದ ಸಿಪ್ಪೆ. ಐದು, ಆರು, ಎಂಟು, ಅಲ್ಲಿಂದ ಹತ್ತೊಂಬತ್ತರವರೆಗೆ ಬೆರಳಿಟ್ಟು ಎಣಿಸಿದಳು. ಹದಿನಾಲ್ಕು. ಆಮೇಲೆ ಮೂವತ್ತೊಂದು: ಜೋಳದ ಸಿಪ್ಪೆ. ಒಟ್ಟು ಹದಿನೈದು. ಆ ದಿನ ಬರೆಯುವಾಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೆಕ್ಕೆಜೋಳ ಮಾಡಿರಬೇಕು ಎಂದುಕೊಂಡು ಮುಂದೆ ಹೋಗಿದ್ದಳು. ಆದರೆ ಪುಡಿ ಕುಡಿಯುವವರು ಕ್ಯಾಂಟೀನಿನ ಹೊಸ್ತಿಲನ್ನೇ ತುಳಿಯುವಂತಿರಲಿಲ್ಲವಲ್ಲ. ಆ ಯೋಚನೆ ಆವತ್ತು ಹೊಳೆಯದಿದ್ದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಡಬ್ಬಿ ಕೊಡುವ ಹಿಂದಿನ ಮೂರು ದಿನ ಏನು ತಿಂದೆವೆಂದು ಹೆಂಗಸರು ಬರೆದ ನೋಟುಬುಕ್ಕುಗಳು ಅವಳ ಬೀರುವಿನಲ್ಲೇ ಇದ್ದವು. ಇಡಲು ಬೇರೆಯವರಿಗೆ ಜಾಗವಿರಲಿಲ್ಲ. ನಲವತ್ತನ್ನೂ ತಿರುವಿಹಾಕಿದಳು. ಮೆಕ್ಕೆಜೋಳ ತಿಂದದ್ದಾಗಿ ಬರೆದವಳು ಒಬ್ಬಳೇ, ನಂಬರು ಮೂವತ್ತೊಂದು. 'ಶನಿವಾರ ಸಂಜೆ: ಅಕ್ಕ ಬೇಯಿಸಿ ಕಳಿಸಿದ ಮೆಕ್ಕೆಜೋಳ, ಎರಡು ತೆನೆ. ಉಪ್ಪು ಜಾಸ್ತಿ.'

ಅಕ್ಷರ ನೋಡುವ ಮೊದಲೇ ಆ ಉಪ್ಪಿನ ದೂರಿನಲ್ಲಿ ತಂಗಿಯ ಗುರುತು ಸಿಕ್ಕಿತು. ತಾನು ಬೇಯಿಸಿ ಕಳಿಸಿದ ಎರಡು ತೆನೆ ಹದಿನೈದು ಡಬ್ಬಿಯಾಗಿ ತನ್ನ ಕೈಗೇ ವಾಪಸು ಬಂದಿತ್ತು. ಡಬ್ಬಿಯಕ್ಕ ಕುರ್ಚಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಆ ಹದಿನಾಲ್ಕು ಚುಕ್ಕಿಗಳ ಮೇಲೆ ಕ್ಯಾಂಟೀನಿನ ಬೀಗ ಕೂತಿದೆ ಎಂಬುದು ನೆನಪಾಯಿತು.

ಸಂಜೆ ಕೆಲಸ ಬಿಟ್ಟವಳೇ ತಂಗಿಯ ಮನೆಗೆ ಹೋದಳು. ಎರಡು ಬೀದಿ ಆಚೆ, ಮೂರನೇ ಮಹಡಿ, ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ನೀರು ತೊಟ್ಟಿಕ್ಕುವ ಮನೆ. ತಂಗಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ಏನೇ, ಊರಿಗೆಲ್ಲಾ ಹಂಚಿದ್ದೀಯಂತೆ?" ಎಂದಳು ಡಬ್ಬಿಯಕ್ಕ, ಚಪ್ಪಲಿ ಬಿಡುತ್ತಲೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಂಗಿಯ ಕೈ ಬಟಾಣಿಯ ಮೇಲೆ ನಿಂತಿತು. "ಏನನ್ನ ಅಕ್ಕ?"

"ನನ್ನ ಜೋಳಾನ."

ತಂಗಿ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಯಾವ ತಪ್ಪೂ ಮಾಡದವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಕೇಳಿದ್ರು, ಕೊಟ್ಟೆ. ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳಿದ್ರೆ ಇಲ್ಲ ಅಂತೀಯಾ?"

"ಇದು ಸಕ್ಕರೆ ಏನೇ?"

"ಅವರಿಗೆ ಆವತ್ತು ಸಕ್ಕರೆಗಿಂತ ಹೆಚ್ಚಾಗಿತ್ತು." ತಂಗಿಯ ದನಿ ಏರಿತು. "ನಿಮ್ಮ ಪ್ರೊಫೆಸರು ಪುಡಿ ಕುಡೀರಿ, ಜೊತೆಗೆ ನೀರು ಚೆನ್ನಾಗಿ ಕುಡೀರಿ ಅಂದ್ರು. ನೀರು ಕುಡಿದ್ರೆ ಹೋಗಬೇಕಲ್ಲ? ಎಲ್ಲಿಗೆ ಹೋಗೋದು? ಒಂದು ಸಾಲಿಗೆ ಒಂದು ಟೋಕನ್. ನಮ್ಮ ಸಾಲಲ್ಲಿ ಮೂವತ್ತು ಜನ. ಟೋಕನ್ ಸೂಪರ್‌ವೈಸರ್ ಮೇಜಿನ ಮೊಳೇಲಿ ನೇತಾಡ್ತಿರುತ್ತೆ. ಅದು ಇದ್ದಾಗ ಹೋಗಬೇಕು, ಐದು ನಿಮಿಷದಲ್ಲಿ ಬರಬೇಕು. ಅದಕ್ಕೇ ಯಾರೂ ನೀರೇ ಕುಡಿಯಲ್ಲ. ನೀರಿಲ್ಲದೆ ಆ ಪುಡಿ ಹೊಟ್ಟೇಲಿ ಸಿಮೆಂಟ್ ಹಾಗೆ ಕೂತ್ಕೊಳ್ತು. ನಾಲ್ಕು ದಿನ, ಐದು ದಿನ ಹೊಟ್ಟೆ ಕಟ್ಕೊಂಡು ಒದ್ದಾಡ್ತಿದ್ರು ಪಾಪ."

"ಅದನ್ನ ಯಾರಿಗೂ ಹೇಳಲಿಲ್ವಾ?"

"ಯಾರಿಗೆ ಹೇಳೋದು? ಬೆಳಿಗ್ಗೆ ಐಸ್ ಪೆಟ್ಟಿಗೆ ಹಿಡ್ಕೊಂಡು ನಿಮ್ಮ ವ್ಯಾನು ಗೇಟಲ್ಲಿ ನಿಂತಿತ್ತು. ಮನೇಲಿ ಮಾಡಿ ತರೋ ಹಾಗಿಲ್ಲ, ಆಗಿಂದಾಗ್ಲೇ ಐಸಿಗೆ ಹೋಗಬೇಕು ಅಂತ. ಒಂಬತ್ತು ಗಂಟೆ ಒಳಗೆ ಡಬ್ಬಿ ಕೊಡದೇ ಇರೋರ ಹೆಸರು ಬರ್ಕೋತೀನಿ ಅಂತ ಸೂಪರ್‌ವೈಸರು. ಹೆಸರು ಬರ್ಕೊಂಡೋರನ್ನ ಮುಂದಿನ ತಿಂಗಳು ಇಸ್ತ್ರಿ ವಿಭಾಗಕ್ಕೆ ಹಾಕ್ತಾರೆ. ಆ ಬಿಸಿ ಹಬೇಲಿ ಒಂದು ದಿನ ನಿಂತು ನೋಡು ನೀನು." ತಂಗಿ ಉಸಿರು ಎಳೆದುಕೊಂಡಳು. "ಹದಿನಾಲ್ಕು ಜನ ಮೇಜಿನ ಕೆಳಗಿಂದ ಡಬ್ಬಿ ದಾಟಿಸಿದ್ರು. ಏಪ್ರನ್ ಜೇಬಿಗೆ ತುಂಬ್ಕೊಂಡು ಏಳು ನಲವತ್ತಕ್ಕೆ ಹೋದೆ. ಒಬ್ಬೊಬ್ಬರಿಗೆ ಒಂದೊಂದು ಚಮಚ. ಐದು ನಿಮಿಷದಲ್ಲಿ ಹದಿನೈದು ಡಬ್ಬಿ ತುಂಬೋದು ಅಂದ್ರೆ ಆಟ ಅಂದ್ಕೊಂಡ್ಯಾ?"

ಡಬ್ಬಿಯಕ್ಕ ನಗಬಾರದೆಂದು ತುಟಿ ಕಚ್ಚಿದಳು. ಮತ್ತೆ ಗಂಭೀರವಾಗಿ ಹೇಳಿದಳು: "ನಿನ್ನ ಆ ಚಮಚದಿಂದ ಪುಡಿ ಗೆದ್ದಿದೆ ಕಣೇ. ನಿಮ್ಮ ಕ್ಯಾಂಟೀನ್ ಮುಚ್ತಾರೆ."

ಪುಡಿಯನ್ನು ಬೈಯುತ್ತಲೇ ಪುಡಿಯನ್ನು ಗೆಲ್ಲಿಸಿದ್ದು ತಾವೇ ಎಂಬುದು ಆ ಹದಿನೈದು ಹೆಂಗಸರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ.

"ನಾನು ಉಂಡಿದ್ದು ಕ್ಯಾಂಟೀನ್ ಊಟ ಅಲ್ವಾ ಅಕ್ಕ?" ಎಂದಳು ತಂಗಿ, ಸಣ್ಣ ದನಿಯಲ್ಲಿ. "ಆ ಊಟದ್ದನ್ನೇ ತೋರಿಸಿ ಆ ಊಟಾನೇ ನಿಲ್ಲಿಸ್ತಾರಾ?"

"ಸಹಿ ಹಾಕಬೇಕಾದೋಳು ನಾನು. ನಾನು ಹಾಕಲ್ಲ. ಆದ್ರೆ ಯಾಕೆ ಅಂತ ಕೇಳ್ತಾರೆ. ನಿನ್ನ ಹೆಸರು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ."

"ಹೇಳಬೇಡ" ಎಂದಳು ತಂಗಿ. ಬಟಾಣಿಯ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಸೇರಿಸಿದಳು: "ಸಹೀನೂ ಹಾಕಬೇಡ."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಡಬ್ಬಿ ತೆಗೆದುಕೊಂಡವರೇ 'ಮಾದರಿಗಳು ಸರಿಯಾಗಿವೆ' ಎಂಬ ಹಾಳೆಗೆ ಸಹಿ ಮಾಡಬೇಕೆಂಬುದು ಕೇಂದ್ರದ ನಿಯಮ. ಆ ಸಹಿ ಬೀಳದೆ ಅಧ್ಯಯನ ಬಾಗಿಲು ದಾಟುವಂತಿಲ್ಲ. ಮಾರನೆಯ ಬೆಳಿಗ್ಗೆ ಪ್ರೊಫೆಸರರು ಹಾಳೆ ಮುಂದಿಟ್ಟಾಗ ಡಬ್ಬಿಯಕ್ಕ ರಿಜಿಸ್ಟರು ತೆರೆದು ಅವರ ಮುಂದಿಟ್ಟಳು.

"ಇದು ಓದಿ ಸರ್. ಹದಿನೈದು ಡಬ್ಬಿಯಲ್ಲೂ ಜೋಳದ ಸಿಪ್ಪೆ ಇದೆ. ಜೋಳ ತಿಂದೋಳು ಒಬ್ಬಳೇ. ಅವಳು ಪುಡಿ ಕುಡಿದೋಳಲ್ಲ."

ಪ್ರೊಫೆಸರರು ಷರಾ ಕಾಲಮನ್ನು ಮೊದಲ ಸಲ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ನೆರಳು ಹಾದುಹೋದದ್ದನ್ನು ಅವಳು ಕಂಡಳು. ಅರ್ಥವಾಗಿತ್ತು ಅವರಿಗೆ. ಅರ್ಥವಾದದ್ದನ್ನು ಒಪ್ಪಿಕೊಳ್ಳುವುದು ಬೇರೆ.

"ಜೋಳದ ಸಿಪ್ಪೆ ವಿಜ್ಞಾನ ಅಲ್ಲಮ್ಮ. ಕೋಟಿಗಟ್ಟಲೆ ಸೂಕ್ಷ್ಮಾಣು ಲೆಕ್ಕ ಹಾಕಿದ್ದೀವಿ. ಅದರ ಮುಂದೆ ನೀವು ಕಣ್ಣಲ್ಲಿ ನೋಡಿದ್ದನ್ನ ಇಡ್ತೀರಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸರ್?"

"ಸರಿ, ನೀವು ಹೇಳೋದೇ ನಿಜ ಅಂದ್ಕೊಳ್ಳೋಣ. ಯಾರು ಆ ಮೋಸ ಮಾಡಿದ್ದು? ಹೆಸರು ಕೊಡಿ. ಕಾರ್ಖಾನೆಯವರು ವಿಚಾರಿಸ್ಕೋತಾರೆ."

"ಮೋಸ ಯಾರದು ಅಂದ್ರೆ ಹೇಳ್ತೀನಿ. ಮೂವತ್ತು ಜನಕ್ಕೆ ಒಂದು ಟೋಕನ್ ನೇತುಹಾಕಿ, ನೀರು ಕುಡಿಯೋಕೂ ಹೆದರೋ ಹಾಗೆ ಮಾಡಿ, ಅವರ ಹೊಟ್ಟೆ ಹೇಗಿದೆ ಅಂತ ಅಧ್ಯಯನ ಮಾಡೋರದ್ದು. ಆ ಹೆಸರುಗಳು ಬೇಕಾ?"

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. "ನಿಮಗೆ ನಿವೃತ್ತಿಗೆ ನಾಲ್ಕು ವರ್ಷ ಇದೆ. ಗಾಜು ತೊಳೆಯೋ ವಿಭಾಗದಲ್ಲಿ ಜನ ಕಡಿಮೆ ಇದ್ದಾರೆ. ನಾಡಿದ್ದು ಬೆಳಿಗ್ಗೆ ಕಾರ್ಖಾನೆಯಲ್ಲೇ ಸಹಿ ಕಾರ್ಯಕ್ರಮ ಇದೆ, ಕಂಪನಿಯವರೂ ಬರ್ತಾರೆ. ಅಲ್ಲೀ ತನಕ ಯೋಚನೆ ಮಾಡಿ."

"ಮಲ ತೊಳೆದೋಳಿಗೆ ಗಾಜು ತೊಳೆಯೋದು ಬಡ್ತಿ ಸರ್" ಎಂದಳು ಡಬ್ಬಿಯಕ್ಕ. ರಿಜಿಸ್ಟರನ್ನು ಕಂಕುಳಿಗೆ ಇರುಕಿಕೊಂಡು ಹೊರಗೆ ಬಂದಳು. ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಸಿಟ್ಟು ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿತ್ತು, ಅಷ್ಟೇ.

ಚುಕ್ಕಿ ಮೇಷ್ಟ್ರು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳ ಹಿಂದೆಯೇ ಅವಳ ಕೋಣೆಗೆ ಬಂದ. ಆ ಕೋಣೆಗೆ ಅವನು ಬಂದದ್ದು ಅದೇ ಮೊದಲು.

"ಅಕ್ಕಾ, ಒಂದು ದಾರಿ ಇದೆ. ಡಬ್ಬೀಲಿ ಬರೀ ಸೂಕ್ಷ್ಮಾಣು ಇರಲ್ಲ, ಕೊಟ್ಟೋರ ಮೈಯ ಜೀವಕೋಶಾನೂ ಒಂದಿಷ್ಟು ಇರುತ್ತೆ. ಅದನ್ನ ನಾವು ಮೊದಲೇ ಕಸ ಅಂತ ತೆಗೆದುಬಿಡ್ತೀವಿ. ಆ ಕಸ ಇನ್ನೂ ಕಂಪ್ಯೂಟರಲ್ಲಿದೆ. ಯಾರದು ಅಂತ ಗೊತ್ತಾಗಲ್ಲ, ಗೊತ್ತು ಮಾಡೋದೂ ಬೇಡ. ಹದಿನೈದೂ ಒಬ್ಬರದ್ದೋ ಅಲ್ವೋ, ಅಷ್ಟು ಗೊತ್ತಾಗುತ್ತೆ."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ? ನೋಡಿ ಹೋಗಿ."

"ಸರ್‌ನ ಕೇಳದೆ..." ಎಂದು ಅವನು ರಾಗ ಎಳೆದ.

"ಷರಾ ಬರೆಯೋಕೆ ನಾನು ಯಾರನ್ನೂ ಕೇಳಿಲ್ಲ ಮೇಷ್ಟ್ರೇ, ಇಪ್ಪತ್ತಾರು ವರ್ಷ."

ಅವನು ಹೊರಟುಹೋದ. ಹೋದವನು ನೋಡುತ್ತಾನೋ ಬಿಡುತ್ತಾನೋ ಅವಳಿಗೆ ಗೊತ್ತಾಗಲಿಲ್ಲ. ಪರರನ್ನು ನಂಬಿ ನೀರಿಗಿಳಿಯುವುದು ಬೇಡವೆಂದು ತನ್ನ ಪಾಡಿಗೆ ತಾನು ಸಿದ್ಧಳಾದಳು.

ಸಹಿ ಕಾರ್ಯಕ್ರಮ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಕೆಲಸದ ಹೊತ್ತು ಹಾಳಾಗಬಾರದೆಂದು ಪುಡಿ ಕುಡಿದ ಇಪ್ಪತ್ತು ಜನ ಮತ್ತು ಊಟ ಮಾಡಿದ ಇಪ್ಪತ್ತು ಜನರನ್ನು ಮಾತ್ರ ಕರೆಸಿದ್ದರು. ಒಳಗೆ ಅಡುಗೆಯವಳು ಕಾಳು ತೊಳೆಯುವ ಸದ್ದು ಕೇಳುತ್ತಿತ್ತು. ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಮುಂದೆ ಉದ್ದನೆಯ ಮೇಜು, ಅದರ ಹಿಂದೆ ಮ್ಯಾನೇಜರು, ಪುಡಿ ಕಂಪನಿಯ ಟೈ ಕಟ್ಟಿದ ಮನುಷ್ಯ, ಪ್ರೊಫೆಸರರು. ಸೂಪರ್‌ವೈಸರು ಮೂರನೇ ಸಾಲಿನ ಟೋಕನ್ನನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಗೋಡೆಗೆ ಒರಗಿದ್ದ. ಅದನ್ನು ಮೊಳೆಗೆ ಬಿಟ್ಟು ಬಂದರೆ ಯಾರಾದರೂ ಬಳಸಿಬಿಟ್ಟಾರು ಎಂಬ ಭಯ.

ಪ್ರೊಫೆಸರರು ಚುಕ್ಕಿಗಳ ಚಿತ್ರ ತೋರಿಸಿ ನಾಲ್ಕು ಮಾತಾಡಿದರು. ದನಿಯಲ್ಲಿ ಮೊದಲಿನ ನಡುಕ ಇರಲಿಲ್ಲ. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಡಬ್ಬಿಯಕ್ಕನ ಕಡೆ ನೋಡಿದರು.

ಡಬ್ಬಿಯಕ್ಕ ಎದ್ದು ಬಂದಳು. ಕೈಯಲ್ಲಿ ಪೆನ್ನಿತ್ತು, ಕಂಕುಳಲ್ಲಿ ರಿಜಿಸ್ಟರಿತ್ತು, ಖಾಲಿ ಡಬ್ಬಿ ಮತ್ತು ಕೈಗವಸು ಯಾವಾಗಲೂ ಇರುವ ಚೀಲ ಹೆಗಲಲ್ಲಿತ್ತು; ಅದನ್ನು ಮೇಜಿನ ಮೇಲಿಟ್ಟಳು. ಸಹಿಯ ಹಾಳೆಯ ಮೇಲೆ ರಿಜಿಸ್ಟರನ್ನು ಇಟ್ಟು, ತೆರೆದು, ಯಾರ ಅಪ್ಪಣೆಯನ್ನೂ ಕೇಳದೆ ಓದತೊಡಗಿದಳು.

"ನಂಬರು ಎರಡು. ತೂಕ ಹನ್ನೊಂದು ಗ್ರಾಂ. ಷರಾ, ಜೋಳದ ಸಿಪ್ಪೆ. ನಂಬರು ಮೂರು. ತೂಕ ಹನ್ನೊಂದು ಗ್ರಾಂ. ಷರಾ, ಜೋಳದ ಸಿಪ್ಪೆ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಂಪನಿಯ ಮನುಷ್ಯ ಮ್ಯಾನೇಜರನ ಕಡೆ, ಮ್ಯಾನೇಜರು ಪ್ರೊಫೆಸರರ ಕಡೆ ನೋಡಿದರು. ಡಬ್ಬಿಯಕ್ಕ ಒಂದನ್ನೂ ಬಿಡದೆ ಹದಿನೈದನ್ನೂ ಓದಿ ಮುಗಿಸಿದಳು.

"ಇದು ಹದಿನೈದು ಜನರದ್ದಲ್ಲ, ಒಬ್ಬಳದ್ದು" ಎಂದಳು. "ಅವಳು ಪುಡಿ ಕುಡಿದಿಲ್ಲ. ಇದೇ ಕ್ಯಾಂಟೀನಲ್ಲಿ ಉಂಡಿದ್ದಾಳೆ. ನಾನು ಸಹಿ ಹಾಕಲ್ಲ."

"ಯಾರವಳು?" ಎಂದ ಮ್ಯಾನೇಜರು.

"ಅದನ್ನೂ ಹೇಳಲ್ಲ."

"ಈಯಮ್ಮನ ಹತ್ರ ಸಾಕ್ಷಿ ಏನಿದೆ?" ಎಂದು ಕಂಪನಿಯ ಮನುಷ್ಯ ಪ್ರೊಫೆಸರರನ್ನು ಕೇಳಿದ. "ಜೋಳದ ಸಿಪ್ಪೇನಾ?"

ಆಗ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಚುಕ್ಕಿ ಮೇಷ್ಟ್ರು ನಿಂತಿದ್ದ. ಎರಡು ರಾತ್ರಿ ನಿದ್ದೆ ಮಾಡದ ಮುಖ, ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದ ಅಂಗಿ. ಅವನು ಮೇಜಿನ ತನಕ ನಡೆದು ಬಂದು ಒಂದು ಕಾಗದವನ್ನು ಪ್ರೊಫೆಸರರ ಮುಂದಿಟ್ಟ.

"ಹದಿನೈದೂ ಒಬ್ಬರದ್ದೇ ಸರ್. ಮೂರು ಸಲ ನೋಡಿದೆ. ಪುಡಿ ಕುಡಿದೋರಲ್ಲಿ ನಿಜವಾಗಿ ಡಬ್ಬಿ ಕೊಟ್ಟೋರು ಆರೇ ಜನ. ಅವರ ಹೊಟ್ಟೇಲಿ ಏನೂ ಹೆಚ್ಚಾಗಿಲ್ಲ. ನಾವು ಹೊಗಳಿದ ಆ ಸಮೃದ್ಧವಾದ ಹೊಟ್ಟೆ ಕ್ಯಾಂಟೀನ್ ಊಟದ್ದು. ಒಬ್ಬರ ಹೊಟ್ಟೆಯಿಂದ ಊಟಾನೂ ಗೆದ್ದ ಹಾಗಾಗಲ್ಲ. ಆದ್ರೆ ಪುಡಿ ಗೆದ್ದಿಲ್ಲ, ಅದು ಖಂಡಿತ."

ಪ್ರೊಫೆಸರರು ಕಾಗದವನ್ನು ಕೊನೆಯ ಸಾಲಿನವರೆಗೆ ಓದಿದರು. ಎರಡು ದಿನದಿಂದ ಹೊತ್ತ ಭಾರವನ್ನು ಇಳಿಸಿದವರ ಹಾಗೆ ಅವರ ಹೆಗಲು ಕೆಳಗಾಯಿತು. ಸಹಿಯ ಹಾಳೆಯನ್ನು ರಿಜಿಸ್ಟರಿನ ಕೆಳಗಿನಿಂದ ಎಳೆದು, ನಾಲ್ಕಾಗಿ ಮಡಿಸಿ, ಜೇಬಿಗೆ ಹಾಕಿಕೊಂಡರು. "ಈ ಅಧ್ಯಯನ ಹೊರಗೆ ಹೋಗಲ್ಲ" ಎಂದರು.

ಕಂಪನಿಯ ಮನುಷ್ಯ ಬ್ಯಾಗು ಮುಚ್ಚಿದ. ಮ್ಯಾನೇಜರು ಮಾತ್ರ ಸುಮ್ಮನಾಗುವವನಾಗಿರಲಿಲ್ಲ. ಗೆಲ್ಲಲಾಗದವನಿಗೆ ಯಾರನ್ನಾದರೂ ದಂಡಿಸಬೇಕಿತ್ತು.

"ಅವಳ ಹೆಸರು ನನಗೆ ಬೇಕು. ಹೇಳೋ ತನಕ ಇಲ್ಲಿಂದ ಯಾರೂ ಏಳೋ ಹಾಗಿಲ್ಲ."

ಹೆಂಗಸರು ಕಲ್ಲಿನ ಹಾಗೆ ಕೂತರು. ಗೋಡೆಯ ಗಡಿಯಾರದ ಮುಳ್ಳು ಏಳು ಮೂವತ್ತೊಂಬತ್ತರ ಮೇಲಿತ್ತು. ಡಬ್ಬಿಯಕ್ಕ ತಂಗಿಯ ಕಡೆ ನೋಡಬಾರದೆಂದು ಮೇಜಿನ ಅಂಚನ್ನೇ ದಿಟ್ಟಿಸುತ್ತಿದ್ದಳು.

ಏಳು ನಲವತ್ತಾಯಿತು. ಕುರ್ಚಿಗಳ ಎರಡನೇ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದು ಕೇಳಿತು. ತಂಗಿ ಎದ್ದು ನಿಂತಿದ್ದಳು. ಸೀರೆಯಾಗಲಿ ಮುಖವಾಗಲಿ ಸರಿಮಾಡಿಕೊಳ್ಳಲಿಲ್ಲ. ಸಾಲು ದಾಟಿ ಮುಂದೆ ಬಂದಳು. ಸೂಪರ್‌ವೈಸರು ಅಭ್ಯಾಸಬಲದಿಂದ ಟೋಕನ್ ಹಿಡಿದ ಕೈ ಚಾಚಿದ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಮೇಜಿನ ಬಳಿ ಹೋಗಿ ಅಕ್ಕನ ಚೀಲದಿಂದ ಒಂದು ಖಾಲಿ ಡಬ್ಬಿ ಎತ್ತಿಕೊಂಡಳು.

"ಹದಿನೈದೂ ನನ್ನವೇ ಸರ್" ಎಂದಳು ಮ್ಯಾನೇಜರಿಗೆ. "ಅನುಮಾನ ಇದ್ರೆ ಹದಿನಾರನೇದು ಈಗಲೇ ತಂದ್ಕೊಡ್ತೀನಿ. ಇಲ್ಲೇ ಕೂತಿರಿ. ಟೋಕನ್ ಬೇಡ, ನನ್ನ ಹೊಟ್ಟೆಗೆ ಟೈಮ್ ಗೊತ್ತಿದೆ."

ಹೇಳಿ ಹೊರಟೇಹೋದಳು. ಆಮೇಲೆ ಪುಡಿ ಕುಡಿದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಕಾಲರ್ ಹೊಲಿಯುವವಳು ಎದ್ದಳು. ಅವಳು ಟಾಯ್ಲೆಟ್ಟಿಗೆ ಹೋಗಲಿಲ್ಲ. ಕ್ಯಾಂಟೀನಿನ ಮೂಲೆಯ ನೀರಿನ ಡ್ರಮ್ಮಿನ ಬಳಿ ಹೋಗಿ, ದೊಡ್ಡ ಲೋಟ ತುಂಬಿಸಿ, ಸೂಪರ್‌ವೈಸರನ ಮುಖ ನೋಡುತ್ತ ಗಟಗಟ ಕುಡಿದಳು. ಮತ್ತೊಂದು ಲೋಟ ತುಂಬಿಸಿ ಹಿಂದಿನವಳ ಕೈಗೆ ಕೊಟ್ಟಳು. ಆಗಲೇ ಅಲ್ಲಿ ಸಾಲು ಬೆಳೆದಿತ್ತು. ಅಡುಗೆಯವಳು ಕಾಳಿನ ಕೈಯಲ್ಲೇ ಹೊರಗೆ ಬಂದು, ಏನಾಗುತ್ತಿದೆ ಎಂದು ತಿಳಿಯದಿದ್ದರೂ, ಇನ್ನೂ ನಾಲ್ಕು ಲೋಟ ತಂದಿಟ್ಟಳು. ಒಬ್ಬಳನ್ನು ಕೆಲಸದಿಂದ ತೆಗೆಯಬಹುದು. ನಲವತ್ತು ಜನ ಒಟ್ಟಿಗೆ ನೀರು ಕುಡಿದರೆ ಯಾವ ನಿಯಮದಲ್ಲಿ ತೆಗೆಯುವುದೆಂದು ಮ್ಯಾನೇಜರಿಗೆ ಹೊಳೆಯಲಿಲ್ಲ. ಸೂಪರ್‌ವೈಸರು ಕೈಯಲ್ಲಿದ್ದ ಟೋಕನ್ನನ್ನು ಏನು ಮಾಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ.

ತಂಗಿ ನಾಲ್ಕೇ ನಿಮಿಷದಲ್ಲಿ ವಾಪಸು ಬಂದಳು. ಮುಚ್ಚಳ ಬಿಗಿ ಮಾಡಿದ ಡಬ್ಬಿಯನ್ನು ಅಕ್ಕನ ಮುಂದಿಟ್ಟಳು. ಡಬ್ಬಿಯಕ್ಕ ಕೈಗವಸು ಹಾಕಿಕೊಂಡು, ಮುಚ್ಚಳ ತೆಗೆದು, ಇಪ್ಪತ್ತಾರು ವರ್ಷ ನೋಡಿದ ಹಾಗೆಯೇ ಕಣ್ಣಿಟ್ಟು ನೋಡಿದಳು. ಮ್ಯಾನೇಜರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಅವಳು ಪೆನ್ನು ತೆರೆದು ಹದಿನೈದರ ಕೆಳಗೆ ಹೊಸ ಸಾಲು ಬರೆದಳು.

ಮಾದರಿ ಹದಿನಾರು. ಸಮಯ: ಏಳು ನಲವತ್ತು. ಷರಾ: ಟೋಕನ್ ಇಲ್ಲದೆ.

ಅದರ ಕೆಳಗೆ ಸಹಿ ಹಾಕಿದಳು.